ಕ್ಯಾಸಿನೊ ಆ್ಯಪ್‌ಗೆ ಫೈರ್‌ಬೇಸ್: ಅಳೆಯಲು ಗಟ್ಟಿ, ಗಲ್ಲಾಪೆಟ್ಟಿಗೆಗೆ ಎಚ್ಚರ

ಸ್ಲಾಟ್, ತೀನ್ ಪತ್ತಿ, ರೂಲೆಟ್ ಥರದ ಮೊಬೈಲ್ ಆಟ ಕಟ್ಟಲು ಹೊರಟ ಸಣ್ಣ ತಂಡಕ್ಕೆ ಗೂಗಲ್‌ನ ಫೈರ್‌ಬೇಸ್ ಸುಲಭದ ದಾರಿ. ಲಾಗಿನ್, ಡೇಟಾಬೇಸ್, ನೋಟಿಫಿಕೇಶನ್, ಕ್ರ್ಯಾಶ್ ವರದಿ, ಎ/ಬಿ ಟೆಸ್ಟ್ (ಎರಡು ಗುಂಪಿಗೆ ಎರಡು ಬಗೆ ತೋರಿಸಿ ಹೋಲಿಸುವ ಪ್ರಯೋಗ) ಎಲ್ಲವೂ ಒಂದೇ ಕಡೆ ಸಿಗುತ್ತವೆ, ಶುರುವಿಗೆ ಕಾಸೂ ಬೇಡ. ಇಲ್ಲಿ ನೋಡುವುದು ಒಂದೇ ಪ್ರಶ್ನೆ: ಇವತ್ತು ಆ್ಯಪ್ ಇಳಿಸಿಕೊಂಡವರು ನಾಳೆಯೂ, ಮುಂದಿನ ವಾರವೂ ಬರುವಂತೆ ಮಾಡುವ ಕೆಲಸಕ್ಕೆ ಇದು ಎಷ್ಟು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ?

ಅದಕ್ಕೂ ಮೊದಲು ಕಾನೂನು. ಹಣ ಕಟ್ಟಿ ಹಣ ಗೆಲ್ಲುವ ಆಟ ಭಾರತದಲ್ಲಿ ಈಗ ಕಟ್ಟುವಂತಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲದ ಆಟ, ಅದೃಷ್ಟದ ಆಟ ಎಂಬ ಹಳೆಯ ಭೇದವನ್ನೇ ಬದಿಗಿಟ್ಟಿದೆ. ಅಂಥ ಆಟ ಒದಗಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿದ್ದ ಕರ್ನಾಟಕದ 2021ರ ಪೊಲೀಸ್ ಕಾಯ್ದೆ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತಲ್ಲ ಎಂದು ನೆಚ್ಚಿಕೊಂಡು ಕೂರುವ ಕಾಲ ಇದಲ್ಲ. ಹಣ ಕೊಟ್ಟು ಕೊಂಡ ಕಾಯಿನ್, ಟೋಕನ್‌ಗಳನ್ನೂ ಹೊಸ ಕಾಯ್ದೆ ಪಣದ ವ್ಯಾಖ್ಯೆಯೊಳಗೆ ಎಳೆದುಕೊಂಡಿದೆ. ಆದ್ದರಿಂದ 'ಚಿಪ್ಸ್ ಮಾರುತ್ತೇವೆ, ವಾಪಸ್ ಹಣ ಕೊಡುವುದಿಲ್ಲ' ಎನ್ನುವವರೂ ಕೋಡ್ ಬರೆಯುವ ಮೊದಲು ವಕೀಲರನ್ನು ಕಾಣಬೇಕು. ಅಮೆರಿಕದಲ್ಲೂ ಈ ವಾದ ಎಲ್ಲ ಕಡೆ ನಡೆದಿಲ್ಲ. ಬಿಗ್ ಫಿಶ್ ಕ್ಯಾಸಿನೊದ ಚಿಪ್ಸ್‌ಗೂ ವಾಷಿಂಗ್ಟನ್ ರಾಜ್ಯದ ಕಾನೂನಿನಡಿ ಬೆಲೆಯಿದೆ ಎಂದು 2018ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಮೊಕದ್ದಮೆ ಕೊನೆಗೆ 15.5 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. ಕೆಳಗಿನದ್ದೆಲ್ಲ ಪುಕ್ಕಟೆ ಚಿಪ್ಸ್, ಜಾಹೀರಾತಿನ ಆದಾಯ ಇರುವ ಆ್ಯಪ್ ಅನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಫೈರ್‌ಬೇಸ್‌ನ ಅಸಲಿ ಬಲ ಅಳತೆಯಲ್ಲಿದೆ. ಆದರೆ ಅದರ ಪರದೆ ತೋರಿಸುವ ಅಂಕಿಯನ್ನು ಹಾಗೆಯೇ ನುಂಗಬಾರದು. ಎ/ಬಿ ಟೆಸ್ಟಿಂಗ್‌ನಲ್ಲಿ ರಿಟೆನ್ಶನ್ (ಆಟಗಾರರು ಮರಳಿ ಬರುವ ಪ್ರಮಾಣ) ಗುರಿಗಳು 1 ದಿನ, 2–3 ದಿನ, 4–7 ದಿನ, 8–14 ದಿನ, 15 ದಿನ ಮೇಲ್ಪಟ್ಟು ಎಂಬ ಗುಂಪುಗಳಲ್ಲಿವೆ. ಗೇಮ್ ಕಟ್ಟುವವರು 'ಡಿ7' ಎನ್ನುವುದು ಏಳನೆಯ ದಿನವೇ ಬಂದವರನ್ನು. 4–7ರ ಗುಂಪಿನಲ್ಲಿ ನಾಲ್ಕನೆಯ ದಿನ ಇಣುಕಿ ಮಾಯವಾದವರೂ ಸೇರಿಕೊಳ್ಳುತ್ತಾರೆ, ಹಾಗಾಗಿ ಆ ಅಂಕಿ ಡಿ7ಗಿಂತ ದಪ್ಪಗೆ ಕಾಣುತ್ತದೆ. ಅದನ್ನೇ ಡಿ7 ಎಂದು ಹೂಡಿಕೆದಾರರ ಮುಂದಿಟ್ಟರೆ ಎರಡನೆಯ ಭೇಟಿಯಲ್ಲಿ ತಲೆ ತಗ್ಗಿಸಬೇಕಾದೀತು.

ನಿಜವಾದ ಡಿ1, ಡಿ7 ಬೇಕೆಂದರೆ ಗೂಗಲ್‌ನ ದತ್ತಾಂಶ ವಿಶ್ಲೇಷಣೆಯ ಸೇವೆಯಾದ ಬಿಗ್‌ಕ್ವೆರಿಗೆ ಎಕ್ಸ್‌ಪೋರ್ಟ್ ಆನ್ ಮಾಡಲೇಬೇಕು, ಅದೂ ಆ್ಯಪ್ ಬಿಡುಗಡೆಯ ದಿನವೇ. ತಡವಾಗಿ ಆನ್ ಮಾಡಿದರೆ ಹಿಂದಿನ ದಿನಗಳ ದತ್ತಾಂಶ ಬಂದು ತುಂಬಿಕೊಳ್ಳುವುದಿಲ್ಲ. ಅಲ್ಲಿ ಎಡವುವ ಜಾಗ ಎರಡಿವೆ. ಒಂದು, ಬಿಗ್‌ಕ್ವೆರಿಯ ಉಚಿತ ಬಗೆಯಾದ ಸ್ಯಾಂಡ್‌ಬಾಕ್ಸ್‌ನಲ್ಲಿ ಟೇಬಲ್‌ಗಳು 60 ದಿನಕ್ಕೆ ತಾವಾಗಿ ಅಳಿಸಿಹೋಗುತ್ತವೆ. ಡಿ90 ಲೆಕ್ಕ ಹಾಕಲು ಕೂತಾಗ ಹಾಳೆ ಖಾಲಿ. ಎರಡು, ದಿನಾಂಕದ ಕಾಲಂ ನೀವು ಆರಿಸಿದ ಸಮಯ ವಲಯದಲ್ಲಿದ್ದರೆ ಸಮಯದ ಕಾಲಂ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ. ಎರಡನ್ನೂ ಬೆರೆಸಿದರೆ ಭಾರತದ ಆಟಗಾರರ ಲೆಕ್ಕ ಐದೂವರೆ ಗಂಟೆ ಜಾರುತ್ತದೆ. ರಾತ್ರಿ 11.50ಕ್ಕೆ ಇಳಿಸಿಕೊಂಡು 12.05ರವರೆಗೆ ಆಡಿದವರನ್ನು 'ಮರುದಿನ ಬಂದವರು' ಎಂದು ಎಣಿಸುವ ತಪ್ಪು ಇನ್ನೂ ಸಾಮಾನ್ಯ. ಇಸ್ಪೀಟಾಟಕ್ಕೆ ಜನ ಕೂರುವ ಹೊತ್ತೇ ಅದು, ಹಾಗಾಗಿ ವ್ಯತ್ಯಾಸ ಸಣ್ಣದಲ್ಲ. ಮೊದಲ ಬಾರಿ ತೆರೆದ ಗಳಿಗೆಯಿಂದ 24–48 ಗಂಟೆಯ ಕಿಟಕಿ ಇಟ್ಟು ಎಣಿಸುವುದು ಶುದ್ಧ ಲೆಕ್ಕ. ಆ್ಯಪ್ ತೆಗೆದುಹಾಕಿದ ಸುದ್ದಿ ಆಂಡ್ರಾಯ್ಡ್‌ನಿಂದ ಮಾತ್ರ ಬರುತ್ತದೆ, ಐಫೋನಿನಿಂದ ಬರುವುದಿಲ್ಲ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ 'ಐಫೋನಿನವರು ನಿಷ್ಠಾವಂತರು' ಎಂದು ತೀರ್ಮಾನಿಸಬೇಡಿ.

ಪ್ರತಿ ಸ್ಪಿನ್ನಿಗೂ ಒಂದು ಇವೆಂಟ್ (ಆಟದಲ್ಲಿ ನಡೆದದ್ದರ ದಾಖಲೆ) ಕಳಿಸುವುದೂ ಬೇಡ. ದಿನದ ಎಕ್ಸ್‌ಪೋರ್ಟ್‌ಗೆ 10 ಲಕ್ಷ ಇವೆಂಟ್‌ಗಳ ಮಿತಿ ಇದೆ. ದಿನಕ್ಕೆ ತಲಾ 100 ಸ್ಪಿನ್ ಆಡುವ 10,000 ಮಂದಿ ಇದ್ದರೆ ಸ್ಪಿನ್‌ಗಳೇ ಅಷ್ಟನ್ನೂ ತಿನ್ನುತ್ತವೆ. ಕೂತ ಅವಧಿ ಮುಗಿದಾಗ ಒಂದೇ ಇವೆಂಟ್ ಕಳಿಸಿ: ಎಷ್ಟು ಸ್ಪಿನ್, ಎಷ್ಟು ಪಣ, ಎಷ್ಟು ಗೆಲುವು, ಎದ್ದುಹೋಗುವಾಗ ಉಳಿದ ಚಿಪ್ಸ್ ಎಷ್ಟು. ಕೊನೆಯ ಅಂಕಿಯೇ ಚಿನ್ನ. ಮೊದಲ ದಿನವೇ ಚಿಪ್ಸ್ ಬರಿದಾಗಿ ಎದ್ದವರು ಎಷ್ಟು, ಅವರಲ್ಲಿ ಮರಳಿದವರು ಎಷ್ಟು ಎಂದು ನೋಡಿದರೆ ಆರಂಭದ ಚಿಪ್ಸ್ ಸಾಲದೇ, ಕನಿಷ್ಠ ಪಣ ಜಾಸ್ತಿಯೇ ಎಂಬುದು ಗೊತ್ತಾಗುತ್ತದೆ. 1,000 ಚಿಪ್ಸ್ ಕೊಟ್ಟು ಕನಿಷ್ಠ ಪಣ 50 ಇಟ್ಟರೆ ಗೆಲುವಿಲ್ಲದ 20 ಸ್ಪಿನ್ನಿಗೆ, ಅಂದರೆ ಮೂರು ಸೆಕೆಂಡಿಗೊಂದರಂತೆ ಒಂದು ನಿಮಿಷಕ್ಕೆ ಆಟ ಮುಗಿದಂತೆ. ಅಂಥವರು ನಾಳೆ ಬರಲಿಲ್ಲ ಎಂದು ನೋಟಿಫಿಕೇಶನ್ ಹೆಚ್ಚಿಸುವುದು ಜ್ವರ ಬಂದವನ ಕಂಬಳಿ ಬದಲಿಸಿದ ಹಾಗೆ.

ಆರಂಭದ ಚಿಪ್ಸ್, ಬೋನಸ್ ಮೊತ್ತ, ಮೊದಲ ಪಾಠದ ಉದ್ದ ಇವನ್ನೆಲ್ಲ ಹೊಸ ಆವೃತ್ತಿ ಬಿಡದೆ ಬದಲಿಸಲು ರಿಮೋಟ್ ಕಾನ್ಫಿಗ್ ಇದೆ; ಫೈರ್‌ಬೇಸ್‌ನಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ಭಾಗ ಇದೇ. ಆದರೆ ಇದು ಹೊಸ ಮೌಲ್ಯವನ್ನು ತರುವ ಪೂರ್ವನಿಯೋಜಿತ ಅಂತರ 12 ಗಂಟೆ. ಸಂಜೆ 6ಕ್ಕೆ ದೀಪಾವಳಿ ಬೋನಸ್ ಆನ್ ಮಾಡಿದರೆ ಮಧ್ಯಾಹ್ನ ಆ್ಯಪ್ ತೆರೆದವರಿಗೆ ಅದು ಹಬ್ಬ ಕಳೆದ ಮೇಲೆ ಕಾಣಬಹುದು. ಅಂತರವನ್ನು ಸೊನ್ನೆಗೆ ಇಳಿಸಿ ಬಿಡುಗಡೆ ಮಾಡುವುದು ಮದ್ದಲ್ಲ, ಪದೇ ಪದೇ ಕೇಳಿದರೆ ಸರ್ವರ್ ತಡೆಯುತ್ತದೆ. 2023ರಿಂದ ಇರುವ ರಿಯಲ್‌ಟೈಮ್ ಆಲಿಸುವಿಕೆಯನ್ನು ಬಳಸಿ. ಬಂದ ಮೌಲ್ಯವನ್ನು ಆಟದ ನಡುವೆ ಜಾರಿಗೆ ತರಬೇಡಿ. ಲಾಬಿಗೆ ಮರಳಿದಾಗ ಹಚ್ಚಿ.

ಒಂದನ್ನು ಮಾತ್ರ ರಿಮೋಟ್ ಕಾನ್ಫಿಗ್‌ನಲ್ಲಿ ಯಾವತ್ತೂ ಇಡಬಾರದು: ಗೆಲುವಿನ ಶೇಕಡಾವಾರು, ಅಂದರೆ ಕಟ್ಟಿದ ಪಣದಲ್ಲಿ ಆಟಗಾರರಿಗೆ ಮರಳುವ ಪಾಲು. ಕೆಲವರಿಗೆ 92, ಕೆಲವರಿಗೆ 96 ಎಂದು ಸದ್ದಿಲ್ಲದೆ ಹಂಚುವುದು ಆಟಗಾರರಿಗೆ ಮಾಡುವ ಮೋಸ, ಪರವಾನಗಿ ಇರುವ ದೇಶಗಳಲ್ಲಿ ಪರವಾನಗಿಗೇ ಕುತ್ತು. ತಾಂತ್ರಿಕವಾಗಿಯೂ ಅದು ಕೆಟ್ಟ ಪ್ರಯೋಗ. ಸ್ಲಾಟ್‌ನ ಏರಿಳಿತದ ಮುಂದೆ ನೂರಿನ್ನೂರು ಸ್ಪಿನ್‌ಗಳಲ್ಲಿ ಆ ವ್ಯತ್ಯಾಸ ಆಟಗಾರರ ಅನುಭವಕ್ಕೇ ಬರುವುದಿಲ್ಲ.

ಎ/ಬಿ ಟೆಸ್ಟ್‌ನ ಬಗ್ಗೆ ಬಹಳ ತಂಡಗಳಿಗೆ ಇರುವ ಭ್ರಮೆ, ಸಾವಿರ ಜನ ಸಾಕು ಎಂಬುದು. ಲೆಕ್ಕ ಸರಳ: ಈಗಿನ ಪ್ರಮಾಣವನ್ನು ಅದರ ಉಳಿಕೆಯಿಂದ (40 ಇದ್ದರೆ 60) ಗುಣಿಸಿ, 16ರಿಂದ ಗುಣಿಸಿ, ಪತ್ತೆ ಮಾಡಬೇಕಾದ ವ್ಯತ್ಯಾಸದ ವರ್ಗದಿಂದ ಭಾಗಿಸಿ. ಡಿ1 ಶೇ 40 ಇದ್ದು 2 ಅಂಶದ ಏರಿಕೆ ಹಿಡಿಯಬೇಕೆಂದರೆ ಪ್ರತಿ ಗುಂಪಿಗೆ 9,600 ಹೊಸ ಆಟಗಾರರು ಬೇಕು. ಡಿ7 ಶೇ 12 ಇದ್ದು 1 ಅಂಶ ಹಿಡಿಯಲು ಸುಮಾರು 17,000. ದಿನಕ್ಕೆ 300 ಮಂದಿ ಇಳಿಸಿಕೊಳ್ಳುವ ಆ್ಯಪ್‌ಗೆ ಮೊದಲ ಪ್ರಯೋಗಕ್ಕೇ ಎರಡು ತಿಂಗಳು ದಾಟುತ್ತದೆ. ಅಷ್ಟು ಜನ ಇಲ್ಲದವರು ಬಟನ್ನಿನ ಬಣ್ಣ ಪರೀಕ್ಷಿಸುತ್ತಾ ಕೂರದೆ, ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಬದಲಾವಣೆಗಳನ್ನೇ ಮಾಡಲಿ.

ಇನ್ನು ಗಲ್ಲಾಪೆಟ್ಟಿಗೆ. ಆಟಗಾರರ ಚಿಪ್ಸ್ ಲೆಕ್ಕವನ್ನು ಫೈರ್‌ಬೇಸ್‌ನ ಡೇಟಾಬೇಸ್ ಆದ ಫೈರ್‌ಸ್ಟೋರ್‌ನಲ್ಲಿ ಇಡಬಹುದು, ಆದರೆ ಅದನ್ನು ಫೋನಿನಿಂದ ನೇರವಾಗಿ ಬರೆಯಲು ಬಿಟ್ಟರೆ ಕೆಲಸ ಕೆಟ್ಟಿತು. ಚಿಪ್ಸ್ ಇರುವ ದಾಖಲೆಗೆ ಫೋನಿನಿಂದ ಓದುವ ಅನುಮತಿ ಮಾತ್ರ ಇರಲಿ. ಬರೆಯುವುದು ಕ್ಲೌಡ್ ಫಂಕ್ಷನ್ (ಗೂಗಲ್ ಸರ್ವರ್‌ನಲ್ಲಿ ಓಡುವ ನಿಮ್ಮ ಕೋಡ್) ಮೂಲಕ. ಅದಕ್ಕೆ ಬಳಸಿದಷ್ಟು ಬಿಲ್ ಬರುವ ಬ್ಲೇಜ್ ಯೋಜನೆ ಬೇಕು. ಸ್ಪಿನ್ನಿನ ಫಲವನ್ನೂ ಅಲ್ಲೇ ತೆಗೆಯಬೇಕು, ಭದ್ರತೆಗೆಂದು ಇರುವ ಯಾದೃಚ್ಛಿಕ ಸಂಖ್ಯೆಯ ಲೈಬ್ರರಿಯಿಂದ. ಭಾಷೆಯ ಮಾಮೂಲಿ ರ‍್ಯಾಂಡಮ್ ಫಂಕ್ಷನ್ ಸಾಲದು.

ಇಲ್ಲೇ ಖರ್ಚು ಏರುತ್ತದೆ. ಫೈರ್‌ಸ್ಟೋರ್‌ನಲ್ಲಿ ದಿನಕ್ಕೆ ಉಚಿತವಾಗಿ 50,000 ಓದು, 20,000 ಬರಹ. ಸ್ಪಿನ್ನಿಗೊಂದು ಬರಹವಾದರೆ, ಮೂರು ಸೆಕೆಂಡಿಗೊಂದು ಸ್ಪಿನ್‌ನಂತೆ 200 ಮಂದಿ ತಲಾ ಐದು ನಿಮಿಷ ಆಡಿದರೆ ಆ ದಿನದ ಕೋಟಾ ಖಾಲಿ. ಸಾಲದ್ದಕ್ಕೆ ಒಂದೇ ದಾಖಲೆಗೆ ಸತತವಾಗಿ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಬರೆದರೆ ತಿಕ್ಕಾಟ ಶುರುವಾಗುತ್ತದೆ, ಎಲ್ಲರ ಪಣದಿಂದ ಬೆಳೆಯುವ ಜಾಕ್‌ಪಾಟ್ ಮೊದಲು ಮುರಿದುಬೀಳುವುದೇ ಇದರಿಂದ. ಜಾಕ್‌ಪಾಟನ್ನು ಹತ್ತಾರು ಚೂರು ದಾಖಲೆಗಳಲ್ಲಿ ಹಂಚಿಟ್ಟು ಕೂಡಿಸಿ ತೋರಿಸಬೇಕು. ಸ್ಪಿನ್‌ಗಳಿಗಾದರೆ ಗೊಂಚಲು ವಿಧಾನ: ಸರ್ವರ್ ಒಮ್ಮೆಗೆ 20 ಫಲಗಳನ್ನು ತೆಗೆದು, ಆ 20ಕ್ಕೂ ಒಂದೇ ಪಣ ಗಟ್ಟಿ ಮಾಡಿ ಕಳಿಸಲಿ. ಪಣ ಬದಲಿಸಲು ಬಿಟ್ಟರೆ ಮುಂದಿನ ಫಲ ಕದ್ದು ನೋಡಿದವರು ಗೆಲ್ಲುವ ಸ್ಪಿನ್ನಿಗೆ ಮಾತ್ರ ಪಣ ಏರಿಸುತ್ತಾರೆ. ಗೊಂಚಲಿನ ಮೊತ್ತವನ್ನು ಸರ್ವರ್ ಕೊಡುವಾಗಲೇ ಲೆಕ್ಕಕ್ಕೆ ಹಾಕಿಬಿಡಬೇಕು. ಇಲ್ಲವಾದರೆ ಸೋಲು ಕಂಡ ಕೂಡಲೇ ಆ್ಯಪ್ ಮುಚ್ಚುವ ಜಾಣರು ಹುಟ್ಟಿಕೊಳ್ಳುತ್ತಾರೆ.

ದಿನದ ಬೋನಸ್‌ಗೂ ಇದೇ ಎಚ್ಚರ. ಫೋನಿನ ದಿನಾಂಕ ಮುಂದಕ್ಕೆ ತಿರುಗಿಸಿ ಬೋನಸ್ ಬಾಚುವುದು ಹೈಸ್ಕೂಲು ಹುಡುಗರಿಗೂ ಗೊತ್ತಿರುವ ಉಪಾಯ, ಆದ್ದರಿಂದ ಸರ್ವರ್ ಗಡಿಯಾರವೇ ಪ್ರಮಾಣ. ನೆಟ್‌ವರ್ಕ್ ತಡವರಿಸಿ ಒಂದೇ ಕೋರಿಕೆ ಎರಡು ಸಲ ಹೋದರೂ ಎರಡು ಬೋನಸ್ ಸಿಗದಂತೆ, ಆಟಗಾರರ ಗುರುತು ಮತ್ತು ದಿನಾಂಕ ಸೇರಿಸಿ ದಾಖಲೆಗೆ ಹೆಸರಿಡಿ. ಸಾಲಾಗಿ ಏಳು ದಿನ ಬಂದವರಿಗೆ ದೊಡ್ಡ ಬೋನಸ್ ಎಂಬ ಯೋಜನೆಯಲ್ಲಿ 24 ಗಂಟೆಯ ಕಟ್ಟುನಿಟ್ಟು ಬೇಡ. ರಾತ್ರಿ 9ಕ್ಕೆ ಪಡೆದವರು ಮರುದಿನ 9.20ಕ್ಕೆ, ಅದರ ಮರುದಿನ 9.45ಕ್ಕೆ ಎಂದು ಹೊತ್ತು ಜಾರುತ್ತಾ ಒಂದು ದಿನ ನಿದ್ದೆ ಹೋಗಿರುತ್ತಾರೆ, ಸರಣಿ ಕಡಿಯುತ್ತದೆ. 20 ಗಂಟೆಗೆ ಬೋನಸ್ ತೆರೆದುಕೊಂಡು 48 ಗಂಟೆಯವರೆಗೆ ಸರಣಿ ಬದುಕಿದ್ದರೆ ಈ ತೊಂದರೆ ಇಲ್ಲ.

ನೋಟಿಫಿಕೇಶನ್ ಕಳಿಸುವುದಕ್ಕೆ ಎಷ್ಟು ಕಳಿಸಿದರೂ ಶುಲ್ಕ ಇಲ್ಲ. ಬಹುಶಃ ಅದೇ ದೊಡ್ಡ ಅಪಾಯ. ಆಂಡ್ರಾಯ್ಡ್ 13ರಿಂದ ಅನುಮತಿ ಕೇಳಲೇಬೇಕು. ಎರಡು ಸಲ 'ಬೇಡ' ಎಂದರೆ ಮೂರನೆಯ ಸಲ ಆ ಪೆಟ್ಟಿಗೆಯೇ ಮೂಡುವುದಿಲ್ಲ. ಆ್ಯಪ್ ತೆರೆದ ಕೂಡಲೇ ಕೇಳಿ ಆ ಅವಕಾಶವನ್ನು ಹಾಳು ಮಾಡದೆ, ಮೊದಲ ಬೋನಸ್ ಪಡೆದ ಮೇಲೆ 'ನಾಳಿನದು ಸಿದ್ಧವಾದಾಗ ತಿಳಿಸಬೇಕೆ?' ಎಂದು ಕೇಳುವುದು ಲೇಸು. ಸಂದೇಶದ ಆಯುಷ್ಯವನ್ನು ನೀವು ಹೇಳದಿದ್ದರೆ 4 ವಾರ ಎಂದು ಹಿಡಿಯಲಾಗುತ್ತದೆ. ಮೂರು ದಿನ ಬಂದ್ ಇದ್ದ ಫೋನ್ ಆನ್ ಆದಾಗ ಹಳಸಿದ ಮೂರು ಬೋನಸ್ ಸಂದೇಶ ಸಾಲಾಗಿ ಬಂದರೆ ಆ್ಯಪ್ ಡಿಲೀಟ್ ಆಗುವುದು ಖಚಿತ. ಆಯುಷ್ಯ 4 ಗಂಟೆ ಇಡಿ, ಹೊಸದು ಹಳೆಯದನ್ನು ಅಳಿಸುವಂತೆ ಕೊಲ್ಯಾಪ್ಸ್ ಕೀ ಹಾಕಿ, ರಾತ್ರಿ 10ರಿಂದ ಬೆಳಗ್ಗೆ 8ರವರೆಗೆ ಸುಮ್ಮನಿರಿ. ಶವೋಮಿ, ಒಪ್ಪೊ, ವಿವೊ ಫೋನ್‌ಗಳ ಬ್ಯಾಟರಿ ಉಳಿತಾಯ ವ್ಯವಸ್ಥೆ ಕೆಲವೊಮ್ಮೆ ಸಂದೇಶವನ್ನು ತಡೆಹಿಡಿಯುತ್ತದೆ. ಕಳಿಸಿದ ಎಣಿಕೆಗೂ ತಲುಪಿದ ಎಣಿಕೆಗೂ ಅಂತರ ಕಂಡರೆ ಮೊದಲು ಫೋನಿನ ಕಂಪನಿವಾರು ವಿಂಗಡಿಸಿ ನೋಡಿ.

ಆಟದಿಂದ ದೂರ ಇರಿಸಿ ಎಂದು ಕೇಳಿದವರನ್ನು ಫೈರ್‌ಬೇಸ್‌ನ ಆಡಿಯನ್ಸ್ ಪಟ್ಟಿಯಿಂದ ತೆಗೆದರೆ ಸಾಲದು. ಆ ಪಟ್ಟಿ ಕೂಡಲೇ ಹೊಸದಾಗುವುದಿಲ್ಲ, ನಡುವೆ ಒಂದು ಸಂದೇಶ ನುಸುಳಬಹುದು. ತಡೆ ನಿಮ್ಮ ಸರ್ವರ್‌ನಲ್ಲೇ ಇರಬೇಕು, ಲಾಗಿನ್‌ಗೂ ಸಂದೇಶಕ್ಕೂ. ಬ್ರಿಟನ್ನಿನ ಜೂಜು ಆಯೋಗ 2021ರ ಅಕ್ಟೋಬರ್ 31ರಿಂದ ಆನ್‌ಲೈನ್ ಸ್ಲಾಟ್‌ಗಳಿಗೆ ಹಾಕಿದ ನಿಯಮಗಳನ್ನು ಪುಕ್ಕಟೆ ಚಿಪ್ಸ್‌ನವರೂ ಓದಿಕೊಳ್ಳುವುದು ಒಳ್ಳೆಯದು: ಸ್ಪಿನ್ನಿಗೆ ಕನಿಷ್ಠ 2.5 ಸೆಕೆಂಡ್, ಆಟೊಪ್ಲೇ ಇಲ್ಲ, ಕಟ್ಟಿದ ಪಣಕ್ಕಿಂತ ಹೆಚ್ಚು ಬಾರದಿದ್ದರೆ ಗೆಲುವಿನ ಸಂಭ್ರಮದ ಸದ್ದು-ಬೆಳಕು ಇಲ್ಲ. 100 ಕಟ್ಟಿ 20 ಬಂದಾಗ ಪಟಾಕಿ ಹೊಡೆಸುವ ಆ್ಯಪ್ ಡಿ1 ಅಂಕಿಯನ್ನು ಏರಿಸಿಕೊಂಡೀತು, ಆದರೆ ಅದನ್ನು ಒಳ್ಳೆಯ ವಿನ್ಯಾಸ ಎನ್ನಲಾಗದು.

ಗೂಗಲ್ ತನ್ನ ಸೇವೆಗಳನ್ನು ಮುಚ್ಚುವ ಚಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗೆಳೆಯರನ್ನು ಕರೆತರುವ ಲಿಂಕುಗಳಿಗೆ ಬಳಕೆಯಲ್ಲಿದ್ದ ಡೈನಾಮಿಕ್ ಲಿಂಕ್ಸ್ 2025ರ ಆಗಸ್ಟ್ 25ಕ್ಕೆ ನಿಂತಿತು. ಯಾರು ಆಟ ಬಿಟ್ಟುಹೋಗಬಹುದು ಎಂದು ಮುಂಗಾಣುತ್ತಿದ್ದ ಪ್ರಿಡಿಕ್ಷನ್ಸ್ ಅದಕ್ಕೂ ಮೊದಲೇ ಹೋಯಿತು. ಚಿಪ್ಸ್‌ನ ಜಮಾ-ಖರ್ಚು ಸಿದ್ಧರೂಪದಲ್ಲೇ ಬೇಕೆನ್ನುವವರಿಗೆ ಮೈಕ್ರೋಸಾಫ್ಟ್‌ನ ಪ್ಲೇಫ್ಯಾಬ್ ಅಥವಾ ಮುಕ್ತ ಆಕರದ ನಕಾಮ ಎಂಬ ಗೇಮ್ ಸರ್ವರ್ ಹೆಚ್ಚು ಹೊಂದುತ್ತದೆ. ನಕಾಮದಲ್ಲಿ ವಾಲೆಟ್ ಮತ್ತು ಅದರ ಲೆಡ್ಜರ್ ಮೊದಲಿನಿಂದಲೇ ಇವೆ, ಸರ್ವರ್ ನೋಡಿಕೊಳ್ಳುವ ಹೊಣೆ ಮಾತ್ರ ನಿಮ್ಮದು. ಅಳತೆ, ಕ್ರ್ಯಾಶ್ ವರದಿ, ನೋಟಿಫಿಕೇಶನ್‌ಗಳಿಗೆ ಫೈರ್‌ಬೇಸ್, ಚಿಪ್ಸ್‌ಗೆ ನಕಾಮ ಎಂಬ ಜೋಡಿ ಚೆನ್ನಾಗಿ ನಡೆಯುತ್ತದೆ.

ಫೈರ್‌ಬೇಸ್ ಒಂದರಲ್ಲೇ ಇರುವವರು ಎರಡು ಕೆಲಸ ಮೊದಲ ದಿನವೇ ಮಾಡಲಿ. ಡೇಟಾಬೇಸ್‌ಗೆ ಮುಂಬೈ ವಲಯ ಆರಿಸಿ, ಆಮೇಲೆ ಬದಲಿಸಲು ಬರುವುದಿಲ್ಲ. ಬಜೆಟ್ ಅಲರ್ಟ್ ಇಟ್ಟುಕೊಳ್ಳಿ, ಆದರೆ ಅದು ಇಮೇಲ್ ಕಳಿಸುತ್ತದೆಯೇ ಹೊರತು ಬಿಲ್ ಓಡುವುದನ್ನು ನಿಲ್ಲಿಸುವುದಿಲ್ಲ. ಬಿಲ್ ಏರಿಸುವುದರಲ್ಲಿ ಲೀಡರ್‌ಬೋರ್ಡ್ ಮುಂದು: 100 ಹೆಸರಿನ ಪಟ್ಟಿಯನ್ನು ಒಮ್ಮೆ ತೆರೆದರೆ 100 ಓದು, 500 ಸಲ ತೆರೆದರೆ ದಿನದ ಉಚಿತ 50,000 ಮುಗಿಯಿತು. ಐದು ನಿಮಿಷಕ್ಕೊಮ್ಮೆ ಆ 100 ಹೆಸರನ್ನು ಒಂದೇ ದಾಖಲೆಯಲ್ಲಿ ಬರೆದಿಟ್ಟರೆ ತೆರೆದಾಗಲೆಲ್ಲ ಒಂದೇ ಓದು, ಇಡೀ ದಿನಕ್ಕೆ ಪಟ್ಟಿ ಬರೆಯುವ ಖರ್ಚು 288 ಬರಹ.