ಕಟ್ಟಡದ ಸೈಟಿಗೆ ರಫ್ ಟೆರೇನ್ ಫೋರ್ಕ್‌ಲಿಫ್ಟೋ, ಟೆಲಿಹ್ಯಾಂಡ್ಲರೋ?

ಫೋರ್ಕ್‌ಲಿಫ್ಟ್ ಮುಂದಿನ ಕಂಬದಲ್ಲಿ (ಮಾಸ್ಟ್) ಮಾಲು ಎತ್ತುತ್ತದೆ, ಟೆಲಿಹ್ಯಾಂಡ್ಲರ್ ಮುಂದಕ್ಕೆ ಚಾಚುವ ಉದ್ದ ತೋಳಿನಲ್ಲಿ (ಬೂಮ್). ಎರಡೂ ಫೋರ್‌ವೀಲ್ ಡ್ರೈವ್, ಎರಡೂ 3 ಟನ್ ಎತ್ತುತ್ತವೆ. ಬಾಡಿಗೆಗೆ ಕೊಡುವವರು ಇಷ್ಟು ಹೇಳಿ ಸುಮ್ಮನಾಗುತ್ತಾರೆ. ಯಂತ್ರ ಕರೆಸುವ ಮುಂಚೆ ಟೇಪ್ ಹಿಡಿದು ಒಂದು ಅಳತೆ ತೆಗೆದುಕೊಳ್ಳಿ: ಮುಂದಿನ ಟೈರು ನಿಲ್ಲುವ ಜಾಗದಿಂದ ಮಾಲು ಇಳಿಯುವ ಜಾಗಕ್ಕೆ ಎಷ್ಟು ಅಡ್ಡದೂರ?

ಫೋರ್ಕ್‌ಲಿಫ್ಟಿನ ಮಾಸ್ಟ್ ನೆಟ್ಟಗೆ ಮೇಲೇರುತ್ತದೆ. ಎತ್ತರ ಹೆಚ್ಚಿದರೂ ಭಾರ ಟೈರಿನಿಂದ ದೂರ ಸರಿಯುವುದಿಲ್ಲ, ಹಾಗಾಗಿ ಸಾಮರ್ಥ್ಯ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಲಾರಿಯಿಂದ ಪ್ಯಾಲೆಟ್ (ಮಾಲು ಹೇರಿದ ಮರದ ಹಲಗೆ) ಇಳಿಸುವುದು, ಯಾರ್ಡಿನಲ್ಲಿ ಜೋಡಿಸುವುದು ಇದಕ್ಕೆ ಹೇಳಿ ಮಾಡಿಸಿದ ಕೆಲಸ. ಇಲ್ಲಿ ಟೆಲಿಹ್ಯಾಂಡ್ಲರಿಗಿಂತ ಚುರುಕು. ಆದರೆ ಸ್ಲ್ಯಾಬಿನ ಅಂಚಿನಿಂದ 1.2 ಮೀಟರ್ ಸಾರುವೆ ಕಟ್ಟಿದ್ದರೆ ಅದರ ಆಟ ಮುಗಿಯಿತು. 1.2 ಮೀಟರಿನ ಫೋರ್ಕ್ (ಪ್ಯಾಲೆಟ್ ಕೆಳಗೆ ತೂರಿಸುವ ಉಕ್ಕಿನ ಕವಲು) ಸಾರುವೆ ದಾಟಿ ಒಳಗೆ ಪ್ಯಾಲೆಟ್ ಇಡಲಾರದು.

ಆ ಅಂತರವನ್ನು ಟೆಲಿಹ್ಯಾಂಡ್ಲರ್ ದಾಟಿಸುತ್ತದೆ, ಸಾಮರ್ಥ್ಯ ಕಳೆದುಕೊಂಡು. 3 ಟನ್ ಭಾರ, 7 ಮೀಟರ್ ಎತ್ತರದ ವರ್ಗದ ಯಂತ್ರ ಬೂಮನ್ನು ಪೂರ್ತಿ ಮುಂದೆ ಚಾಚಿದಾಗ ಎತ್ತುವುದು ಸಾಮಾನ್ಯವಾಗಿ 1.25 ಟನ್ ಆಸುಪಾಸು. ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕಿನ ಲೆಕ್ಕ ಹಾಕಿ ನೋಡಿ. 600×200×200 ಮಿಮೀ ಬ್ಲಾಕು ಒಣಗಿದ್ದಾಗ ಸುಮಾರು 14.4 ಕೆಜಿ, 80 ಬ್ಲಾಕಿಗೆ 1,150 ಕೆಜಿ. ಕಾರ್ಖಾನೆಯಿಂದ ಈಗಷ್ಟೇ ಬಂದ ಬ್ಲಾಕಿನಲ್ಲಿ ಒಣ ತೂಕದ 30% ತೇವ ಇರುವುದುಂಟು. ಆಗ ಅದೇ ಪ್ಯಾಲೆಟ್ ಸುಮಾರು 1,500 ಕೆಜಿ ಆಗುತ್ತದೆ. ಒಣ ತೂಕ ನಂಬಿ ಚಾಚಿದರೆ ಅಲ್ಲೇ ಹಿಂಬದಿ ಎದ್ದೀತು. ಪ್ಯಾಲೆಟಿಗೆ 60 ಬ್ಲಾಕಿಗೆ ಇಳಿಸಿ, ಇಲ್ಲವೇ ಯಂತ್ರವನ್ನು ಹತ್ತಿರ ತನ್ನಿ.

ಅಪಾಯವೂ ಎರಡರಲ್ಲಿ ಬೇರೆ ಬೇರೆ. ಟೆಲಿಹ್ಯಾಂಡ್ಲರಿನಲ್ಲಿ ಲೋಡ್ ಇಂಡಿಕೇಟರ್ (ಭಾರ ಮಿತಿ ಮೀರುವುದನ್ನು ತೋರಿಸುವ ದೀಪ) ಕೆಂಪಾದಾಗ ಹೊಸ ಆಪರೇಟರ್ ಗಾಬರಿಯಿಂದ ಬೂಮ್ ಇಳಿಸುತ್ತಾನೆ. ಬೂಮ್ ಇಳಿಯುವುದು ಕಮಾನಿನ ದಾರಿಯಲ್ಲಿ. ಇಳಿದಷ್ಟೂ ಭಾರ ಮುಂದಕ್ಕೆ ಹೋಗಿ ಯಂತ್ರ ಮುಗ್ಗರಿಸುತ್ತದೆ. ಮೊದಲು ಬೂಮನ್ನು ಒಳಗೆಳೆಯಬೇಕು, ಆಮೇಲೆ ಇಳಿಸಬೇಕು. ಸೈಟಿನಲ್ಲಿ ಬೇರೇನು ಕಲಿಸದಿದ್ದರೂ ಇದನ್ನು ಕಲಿಸಲೇಬೇಕು. ಫೋರ್ಕ್‌ಲಿಫ್ಟಿಗೆ ಭಯ ಪಕ್ಕದ ಇಳಿಜಾರಿನದು. ಮಾಸ್ಟ್ ಎತ್ತಿಕೊಂಡು ಓಡಿಸಬಾರದು, ಫೋರ್ಕ್ ನೆಲದಿಂದ 30 ಸೆಂಮೀ ಮೇಲಿರಲಿ, ಮಾಸ್ಟ್ ಹಿಂದಕ್ಕೆ ವಾಲಿರಲಿ. ಹಿಂದಿನ ಚಕ್ರ ತಿರುಗುವ ಮಾದರಿಯಾದರೆ ಹಿಂಭಾಗ ಹೊರಕ್ಕೆ ಬೀಸುತ್ತದೆ, ಅಲ್ಲಿ ಯಾರೂ ನಿಲ್ಲಬಾರದು.

ಟೆಲಿಹ್ಯಾಂಡ್ಲರಿಗೆ ಎತ್ತುವ ಮೊದಲು ನೆಲ ಮಟ್ಟವಾಗಿರಬೇಕು. ಚಾಸಿ ಒಂದೇ ಡಿಗ್ರಿ ವಾಲಿದರೂ 7 ಮೀಟರ್ ಮೇಲೆ ಭಾರ 12 ಸೆಂಮೀ ಪಕ್ಕಕ್ಕೆ ಸರಿಯುತ್ತದೆ. ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಇದೇ ಕಥೆ; ಬೆಳಿಗ್ಗೆ ಗೇಜು ಹಿಡಿದು ನೋಡಿ. ಬೆಂಗಳೂರಿನ ಕೆಂಪುಮಣ್ಣಿನಲ್ಲಿ ಪಾಯದ ಸುತ್ತ ತುಂಬಿದ ಜಾಗ ಒಂದು ಮಳೆಗೆ ಕುಸಿಯುತ್ತದೆ. ತೋಡಿದ ಗುಂಡಿ ಎಷ್ಟು ಆಳವೋ ಅಂಚಿನಿಂದ ಕನಿಷ್ಠ ಅಷ್ಟು ದೂರ ಬಿಡಿ. ಸ್ಟೆಬಿಲೈಸರ್ (ನೆಲಕ್ಕೆ ಊರುವ ಕಾಲು) ಇದ್ದರೆ ಅಡಿಗೆ ದಪ್ಪ ಮರದ ಸ್ಲೀಪರ್ ಹಾಕಿ. ಬಲಗಡೆ ಬೂಮು ನೋಟಕ್ಕೆ ಅಡ್ಡ ಬರುವುದರಿಂದ ಸಿಗ್ನಲ್ ಕೊಡುವವನು ಬೇಕೇ ಬೇಕು.

ನಿರ್ವಹಣೆಯಲ್ಲಿ ಫೋರ್ಕ್‌ಲಿಫ್ಟ್ ಸರಳ. ಮಾಸ್ಟಿನ ಚೈನು 3% ಉದ್ದವಾದರೆ, ಅಂದರೆ ಮೀಟರಿಗೆ 3 ಸೆಂಮೀ, ಬದಲಿಸಿ. ಟೆಲಿಹ್ಯಾಂಡ್ಲರಿನಲ್ಲಿ ಬೂಮಿನ ವೇರ್ ಪ್ಯಾಡ್ (ಬೂಮಿನ ಭಾಗಗಳು ಜಾರುವ ಪಟ್ಟಿ) ಸವೆದರೆ ಚಾಚುವಾಗ ಜಗ್ಗಿ ಜಗ್ಗಿ ಬರುತ್ತದೆ. ಎಂ-ಸ್ಯಾಂಡ್ ದೂಳು ಅದಕ್ಕೆ ಶತ್ರು. ಎರಡರಲ್ಲೂ ಫೋರ್ಕು ಬಾಗುವ ಮೂಲೆಯಲ್ಲಿ ದಪ್ಪದ 10% ಸವೆದಿದ್ದರೆ ಆ ಫೋರ್ಕು ಸಾಕು ಮಾಡಿ.

ಮೂರು ಮಹಡಿಯ ಕೆಲಸಕ್ಕೆ ಒಂದೇ ಯಂತ್ರ ತರುವುದಾದರೆ ನಮ್ಮ ಆಯ್ಕೆ ಟೆಲಿಹ್ಯಾಂಡ್ಲರ್. ಬರೀ ಬ್ಲಾಕ್ ಯಾರ್ಡ್ ಆದರೆ ಟೆಲಿಹ್ಯಾಂಡ್ಲರಿಗೆ ಹೆಚ್ಚು ಬಾಡಿಗೆ ತೆರುವುದು ದಂಡ. ಬಾಡಿಗೆಗೆ ಒಪ್ಪುವ ಮೊದಲು ಕ್ಯಾಬಿನ್ನಿನ ಲೋಡ್ ಚಾರ್ಟ್ (ಎಷ್ಟು ಚಾಚಿದರೆ ಎಷ್ಟು ಭಾರ ಎಂಬ ಪಟ್ಟಿ) ನೋಡಿ. ಫೋರ್ಕಿಗೆ, ಬಕೆಟ್ಟಿಗೆ, ಕೊಕ್ಕೆ ಹಾಕಿದ ಜಿಬ್ಬಿಗೆ (ತೂಗುಹಾಕಿ ಎತ್ತುವ ತೋಳು) ಚಾರ್ಟ್ ಬೇರೆ ಬೇರೆ ಇರಬೇಕು. ಚಾರ್ಟ್ ಹರಿದುಹೋಗಿದ್ದರೆ ಹೊಸದು ಅಂಟಿಸಿದ ಮೇಲೆಯೇ ಗೇಟಿನೊಳಗೆ ಬಿಡಿ.