ಏನು ತಿಂದಿರಿ ಎಂಬ ಪ್ರಶ್ನೆಗೆ ನಾನು ಕೊಟ್ಟ ಮೂರು ಉತ್ತರಗಳು

ಸಕ್ಕರೆ ಕಾಯಿಲೆಯ ಕುರಿತ ಒಂದು ಅಧ್ಯಯನಕ್ಕೆ ಹೆಸರು ಕೊಟ್ಟ ನನ್ನಿಂದ ಕಳೆದ ವರ್ಷ ಊಟದ ವಿವರವನ್ನು ಮೂರು ಬಗೆಯಲ್ಲಿ ಪಡೆದರು: ಯಾವುದನ್ನು ಎಷ್ಟು ಸಲ ತಿನ್ನುತ್ತೀರಿ ಎಂದು ಕೇಳುವ ಇಡೀ ವರ್ಷದ ಪ್ರಶ್ನಾವಳಿ, ಹಿಂದಿನ 24 ಗಂಟೆಗಳ ನೆನಪು, ತೂಗಿ ಬರೆಯುವ ದಿನಚರಿ. ಇನ್ನೊಮ್ಮೆ ಕರೆದರೆ 24 ಗಂಟೆಗಳ ನೆನಪಿಗಷ್ಟೇ ಒಪ್ಪುತ್ತೇನೆ.

ಪ್ರಶ್ನಾವಳಿಯಲ್ಲಿ ನಾನು ಸಿಕ್ಕಿಬಿದ್ದದ್ದು ಅವರೆಕಾಯಿಯ ಸಾಲಿನಲ್ಲಿ. ಡಿಸೆಂಬರ್, ಜನವರಿಯಲ್ಲಿ ನಮ್ಮ ಮನೆಯ ಉಪ್ಪಿಟ್ಟಿಗೂ ಸಾರಿಗೂ ಅದೇ ಕಾಳು. ಬೇಸಿಗೆ ಬಂತೆಂದರೆ ಅದರ ಸುಳಿವಿಲ್ಲ. ಎರಡು ತಿಂಗಳಲ್ಲಿ ತಿಂದ ಸುಮಾರು ಐವತ್ತು ಬಾರಿಯನ್ನು ಹನ್ನೆರಡು ತಿಂಗಳಿಗೆ ಹಂಚಿ ‘ವಾರಕ್ಕೊಮ್ಮೆ’ ಎಂದು ಗುರುತು ಹಾಕಿದೆ. ಆ ಉತ್ತರ ಜನವರಿಗೂ ನಿಜವಲ್ಲ, ಜೂನ್‌ಗೂ ನಿಜವಲ್ಲ.

ಬಸ್ಸಾರಿನ ವಿಷಯ ಇದಕ್ಕಿಂತ ತೊಡಕಿನದು. ಬೆಂದ ಸೊಪ್ಪು, ಕಾಳು ಪಲ್ಯಕ್ಕೆ ಹೋಗುತ್ತವೆ, ಬಸಿದ ಕಟ್ಟು ಸಾರಾಗುತ್ತದೆ. ಆದರೆ ಹಾಳೆಯಲ್ಲಿ ಸೊಪ್ಪು, ಕಾಳು, ಸಾರು, ಪಲ್ಯ ಎಲ್ಲಕ್ಕೂ ಬೇರೆ ಬೇರೆ ಸಾಲುಗಳಿದ್ದವು. ನಾಲ್ಕರಲ್ಲೂ ಗುರುತು ಹಾಕಿದ್ದರಿಂದ, ಕೊನೆಗೆ ಕೈಗೆ ಬಂದ ವರದಿಯ ಪ್ರಕಾರ ನಾನು ಊರಿನ ಸೊಪ್ಪನ್ನೆಲ್ಲ ಒಬ್ಬನೇ ತಿನ್ನುವವನಾಗಿದ್ದೆ.

ದಿನಚರಿಗಾಗಿ ಆರುನೂರು ರೂಪಾಯಿಯ ತಕ್ಕಡಿ ಕೊಂಡೆ. ಎದ್ದು ಹೋಗಿ ತೂಗುವ ಬೇಸರಕ್ಕೆ ಮೂರು ದಿನ ಕೋಡುಬಳೆ ಮುಟ್ಟಲಿಲ್ಲ. ಬರೆದದ್ದು ಸುಳ್ಳಲ್ಲ, ತಿಂದದ್ದೇ ಬೇರೆಯಾಯಿತು. ಬರೆಯುವಾಗಲೂ ಕಡಿಮೆ ಬರೆಯುವವರಿದ್ದಾರೆ: 1992ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ ಹತ್ತು ಮಂದಿ, ತಾವು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚಾಗಿಯೂ ತೋರಿಸಿದ್ದರು.

24 ಗಂಟೆಗಳ ನೆನಪಿಗಾಗಿ ಬಂದ ಹುಡುಗಿ ಅಳತೆಯ ಬಟ್ಟಲು, ಚಮಚಗಳನ್ನು ಜೊತೆಗೇ ತಂದಿದ್ದಳು. ಮೊದಲು ನಾನು ಹೇಳಿದ್ದನ್ನೆಲ್ಲ ತಡೆಯದೆ ಬರೆದುಕೊಂಡು, ಎರಡನೆಯ ಸುತ್ತಿನಲ್ಲಿ “ಕಾಫಿ ಜೊತೆಗೆ ಏನಾದರೂ ತಗೊಂಡ್ರಾ, ಸರ್?” ಎಂದಾಗ ಮರೆತಿದ್ದ ಎರಡು ಬಿಸ್ಕತ್ತು ನೆನಪಾದವು. ಮುದ್ದೆಯ ಗಾತ್ರವನ್ನು ಕೈಯಲ್ಲೇ ತೋರಿಸಿದರೆ ಸಾಕಾಯಿತು. ಒಂದು ದಿನದ ಲೆಕ್ಕ ಅಭ್ಯಾಸದ ಲೆಕ್ಕವಲ್ಲ ಎಂಬುದು ನಿಜ; ಅವಳು ಮೊದಲು ಬಂದದ್ದೇ ಬೀಗರೂಟದ ಮರುದಿನ. ಅದಕ್ಕೇ ಒಂದು ಭಾನುವಾರದ ಊಟವೂ ಸೇರುವಂತೆ ಇನ್ನೆರಡು ಸಲ ಬಂದಳು. ಇನ್ನೊಂದು ಕೊರತೆ ನನ್ನದೇ: ಪ್ರಶ್ನಾವಳಿಯಲ್ಲಿ ಎರಡು ಚಮಚ ಎಂದು ಬರೆದಿದ್ದ ಕಾಫಿಯ ಸಕ್ಕರೆ, ಹೆಂಡತಿಯೂ ಪಕ್ಕದಲ್ಲಿದ್ದುದರಿಂದ ಆ ಹುಡುಗಿಯೆದುರು ಒಂದೇ ಚಮಚವಾಯಿತು.

ಆದರೂ ಬರೆಯುವುದನ್ನು ಸಂಜೆಗೆ ಮುಂದೂಡಿ ಮರೆಯುವ ನನ್ನಂಥವನಿಗೆ, ಖರ್ಚಿಲ್ಲದೆ ಅರ್ಧ ಗಂಟೆಯಲ್ಲಿ ಮುಗಿಯುವ ಈ ವಿಧಾನವೇ ಸರಿ. ತಕ್ಕಡಿಯನ್ನು ಮಗಳು ಕೇಕಿನ ಹಿಟ್ಟು ತೂಗಲು ಒಯ್ದಿದ್ದಾಳೆ.