ತಾಮ್ರದ ಬಾಯ್ಲರೋ, ಉಕ್ಕಿನದೋ

ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡೊಂದರಲ್ಲಿ ನಾವು ಕೆಲವರು ಭಾನುವಾರಗಳಂದು ಸೇರಿ ಕಟ್ಟಿದ ಐದು ಇಂಚು ಗೇಜಿನ, ಅಂದರೆ ಹಳಿಗಳ ನಡುವೆ ಅಷ್ಟು ಅಂತರವಿರುವ, ಪುಟ್ಟ ಉಗಿಬಂಡಿಗೆ ಮೊದಲು ಉಕ್ಕಿನ ಬಾಯ್ಲರನ್ನೂ, ಆಮೇಲೆ ತಾಮ್ರದ ಬಾಯ್ಲರನ್ನೂ ಕೂರಿಸಿ ನೋಡಿದ್ದೇವೆ. ಚೌಕಟ್ಟು, ಸಿಲಿಂಡರು, ಗಾಲಿಗಳು ಅವೇ ಆಗಿದ್ದವು.

ಉಕ್ಕಿನದನ್ನು ಮಾಡುವುದು ಸುಲಭ. ಬೆಸೆಯುವ ಜಾಗವಷ್ಟೇ ಕಾಯುವುದರಿಂದ, ನುರಿತ ವೆಲ್ಡರ್ ಒಬ್ಬರು ದೊರೆತರೆ ಕೆಲಸ ಬೇಗ ಮುಗಿಯುತ್ತದೆ. ತಾಮ್ರವಾದರೋ ಒಂದು ಮೂಲೆಗೆ ಕೊಟ್ಟ ಶಾಖವನ್ನು ಇಡೀ ಮೈಗೆ ಹಂಚಿಬಿಡುತ್ತದೆ. ತಾಮ್ರದ ತುಂಡುಗಳನ್ನು ಜೋಡಿಸುವ ಬೆಳ್ಳಿ ಬೆಸುಗೆ (ಬೆಳ್ಳಿ ಬೆರೆತ ಮಿಶ್ರಲೋಹ) ಹರಿಯಲು ಸುಮಾರು 650 ಡಿಗ್ರಿ ಸೆಲ್ಸಿಯಸ್ ಬೇಕಾದ್ದರಿಂದ, ಇಬ್ಬರು ಎದುರುಬದುರು ನಿಂತು ದೊಡ್ಡ ಗ್ಯಾಸ್ ಬರ್ನರುಗಳಿಂದ ಬಾಯ್ಲರನ್ನೆಲ್ಲ ಮಂದಗೆಂಪಾಗುವಂತೆ ಕಾಯಿಸಬೇಕಾಯಿತು. ತವರ-ಸೀಸದ ಬೆಸುಗೆ ಸಾಲದೇ ಎಂದು ಹೊಸಬರು ಕೇಳುವುದುಂಟು. ಅದು 183 ಡಿಗ್ರಿಗೇ ಕರಗತೊಡಗುತ್ತದೆ, ನಮ್ಮ 80 ಪಿಎಸ್‌ಐ (ಚದರ ಇಂಚಿಗೆ 80 ಪೌಂಡ್) ಒತ್ತಡದ ಹಬೆಯೇ 160 ಡಿಗ್ರಿ ದಾಟಿರುತ್ತದೆ. ಇಷ್ಟು ಕಿರಿದಾದ ಅಂತರವನ್ನು ನಂಬಿ ಬೆಂಕಿ ಹಚ್ಚಲಾಗದು. ನಮ್ಮ ಮೊದಲ ಪ್ರಯತ್ನದಲ್ಲಿ ಬೆಸುಗೆ ಹರಿದು ಅಂಟಲೆಂದು ಸವರುವ ಫ್ಲಕ್ಸ್ ಸುಟ್ಟುಹೋಗಿತ್ತು. ಬಳಕೆಯ ಒತ್ತಡದ ಇಮ್ಮಡಿ, ಅಂದರೆ 160 ಪಿಎಸ್‌ಐ ಏರಿಸಬೇಕಾದ ತಣ್ಣೀರಿನ ಪರೀಕ್ಷೆಯಲ್ಲಿ ನೂರು ಮುಟ್ಟುವುದರೊಳಗೇ ಬಿಸಿ ಹೊಗೆ ಹಾಯುವ ಎರಡು ಕೊಳವೆಗಳ ಬುಡದಲ್ಲಿ ನೀರು ಜಿನುಗಿತು. ಎಲ್ಲವನ್ನೂ ಮತ್ತೆ ಕಾಯಿಸಿದೆವು. ಖರ್ಚಿನಲ್ಲಿ ತಾಮ್ರದ್ದು ಉಕ್ಕಿನ ನಾಲ್ಕು ಪಟ್ಟಾಯಿತು. ಬೆಳ್ಳಿ ಬೆಸುಗೆಯ ಕಡ್ಡಿಗಳ ಬೆಲೆಯನ್ನು ಮನೆಯಲ್ಲಿ ನಾನಿನ್ನೂ ಹೇಳಿಲ್ಲ.

ತಾಮ್ರವು ಉಕ್ಕಿಗಿಂತ ಸುಮಾರು ಎಂಟು ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುವುದರಿಂದ ಹಬೆ ಬಹುಬೇಗ ಏಳಬಹುದೆಂದು ನಾನು ವಾದಿಸಿದ್ದೆ. ಗಡಿಯಾರ ಹಿಡಿದು ನೋಡಿದಾಗ ಉಕ್ಕಿನದಕ್ಕೆ 24 ನಿಮಿಷ, ತಾಮ್ರದ್ದಕ್ಕೆ 21. ಬಿಸಿ ಹೊಗೆಯಿಂದ ಲೋಹಕ್ಕೆ ಶಾಖ ದಾಟುವಲ್ಲಿಯೇ ಹೆಚ್ಚಿನ ತಡೆಯಿರುವಾಗ, ಲೋಹದೊಳಗಿನ ವೇಗದಿಂದ ದೊರೆಯುವ ಲಾಭ ಅಷ್ಟಕ್ಕಷ್ಟೇ.

ನನ್ನ ಮನಸ್ಸನ್ನು ತಾಮ್ರದತ್ತ ತಿರುಗಿಸಿದ್ದು ತುಕ್ಕು. ನಮ್ಮ ಬಂಡಿ ತಿಂಗಳಿಗೊಮ್ಮೆ ಓಡಿ ಉಳಿದ ದಿನಗಳಲ್ಲಿ ನಿಂತೇ ಇರುತ್ತದೆ. ಒಂದು ಮಳೆಗಾಲ ಅರ್ಧ ನೀರು ತುಂಬಿಯೇ ಬಿಟ್ಟಿದ್ದೆವು, ತಪ್ಪು ನಮ್ಮದೇ. ದಸರೆಯ ಹೊತ್ತಿಗೆ ಉಕ್ಕಿನ ಬಾಯ್ಲರಿನ ಪ್ಲಗ್ ಬಿಚ್ಚಿದರೆ ಕೆಮ್ಮಣ್ಣಿನ ರಾಡಿ ಸುರಿಯಿತು. ಪ್ರತಿ ಸಲವೂ ಬಿಸಿಯಿರುವಾಗಲೇ ಬಸಿದು ಒಣಗಿಸುವ, ಇಲ್ಲವೇ ಔಷಧ ಬೆರೆಸಿದ ನೀರನ್ನು ಬಾಯಿಮಟ ತುಂಬಿಡುವ ಶಿಸ್ತಿದ್ದವರಿಗೆ ಉಕ್ಕು ಸಾಕು. ಬಚ್ಚಲಿನ ತಾಮ್ರದ ಹಂಡೆಯನ್ನು ಅಜ್ಜಿಯ ಕಾಲದಿಂದಲೂ ಬಳಸಿದ ನಮ್ಮಂಥವರಿಗೆ ಆ ಶಿಸ್ತು ಒಗ್ಗಲಿಲ್ಲ. ಬೋರಿನ ಗಡಸು ನೀರಿನ ಕಿಟ್ಟ ಮಾತ್ರ ಎರಡರಲ್ಲೂ ಒಂದೇ ಸಮ ಕಟ್ಟಿದ್ದರಿಂದ ಈಗ ಚಾವಣಿಯ ಮಳೆನೀರನ್ನೇ ಸೋಸಿ ಹಾಕುತ್ತೇವೆ.

ಸದ್ಯ ಬಂಡಿಯ ಮೇಲಿರುವುದು ತಾಮ್ರದ್ದು. ಉಕ್ಕಿನದನ್ನು ಉದ್ದಕ್ಕೆ ಸೀಳಿ, ಒಳಗಿನ ತುಕ್ಕಿನ ಗೆರೆ ಎಲ್ಲಿಯವರೆಗೆ ಏರಿದೆಯೆಂದು ಹೊಸಬರಿಗೆ ತೋರಿಸಲು ಗೋಡೆಗೆ ಒರಗಿಸಿಟ್ಟಿದ್ದೇವೆ.